ಕೋವಿಗೆ ಒಪ್ಪ ಹಾಕಿದ್ದು

ನಾನು ಜಂಬದ ಹೆಂಗಸು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಜಂಬಪಡುವಂಥ ಕೆಲಸ ಮಾಡಿದವರೇ ಪಡದಿದ್ದರೆ ಇನ್ಯಾರು ಪಡಬೇಕು? ಐವತ್ತರ ದಶಕದ ಕೊನೆಯಲ್ಲಿ, ಊರಿನ ಗಂಡಸರೆಲ್ಲ ಕೈಚೆಲ್ಲಿದ್ದ ನಮ್ಮ ಮಾವನ ಕೇಪಿನ ಕೋವಿಯನ್ನು ಸರಿಮಾಡಿದವಳು ನಾನು.

ನನ್ನ ತವರು ಹೊಳೆನರಸೀಪುರ. ಅಪ್ಪ ಅಕ್ಕಸಾಲಿ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಅಗ್ಗಿಷ್ಟಿಕೆ ಊದುವುದರಿಂದ ಹಿಡಿದು ಒಡವೆಗೆ ಒಪ್ಪ ಹಾಕಿ ಮಿನುಗಿಸುವವರೆಗೆ ಅಪ್ಪನ ಪಕ್ಕದಲ್ಲೇ ಕೂತು ಕಲಿತೆ. ಮದುವೆಯಾಗಿ ಬಂದದ್ದು ಅರಕಲಗೂಡಿನಿಂದಾಚೆ, ಕೊಡಗಿನ ಗಡಿಗೆ ಹತ್ತಿರದ ಹಳ್ಳಿಗೆ. ಮಾವ ನನ್ನ ತಾಯಿಯ ಅಣ್ಣನೇ. ಅವರೂ ಅಕ್ಕಸಾಲಿಗರೇ ಆದರೂ ಅವರಪ್ಪನ ಕಾಲಕ್ಕೇ ಕಸುಬು ಬಿಟ್ಟು ಗದ್ದೆ ಹಿಡಿದಿದ್ದರು. ಅಪ್ಪ ಕೊಟ್ಟಿದ್ದ ಒಪ್ಪದ ಕಲ್ಲನ್ನು ನಾನು ಟ್ರಂಕಿನಲ್ಲಿಟ್ಟು ತಂದಿದ್ದೆ. ಅದನ್ನು ನೋಡಿ ಅತ್ತೆ, "ಇದ್ಯಾಕವ್ವಾ ಇಲ್ಲಿಗೆ? ಬತ್ತಕ್ಕೆ ಒಪ್ಪ ಆಕ್ತೀಯಾ?" ಎಂದು ನಕ್ಕರು. ಕಲ್ಲು ಸೀರೆಗಳ ಅಡಿ ಸೇರಿತು.

ಮಾವನ ಕೋವಿ ಹಳೆಯ ಕಾಲದ್ದು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ, ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಿ ಹೊಡೆಯಬೇಕು. ಗದ್ದೆಗೆ ಬರುವ ಹಂದಿ ಓಡಿಸುವುದಕ್ಕೆಂದು ಇಟ್ಟುಕೊಂಡದ್ದು. ಆದರೆ ಅದರ ಮರ್ಯಾದೆ ಇದ್ದದ್ದು ಆಯುಧಪೂಜೆಯ ದಿನ. ಕೊಡಗಿನ ಕಡೆಯವರಿಂದ ನಮ್ಮೂರಿಗೂ ಅಂಟಿದ ಚಟ ಅದು: ಪೂಜೆ ಮುಗಿದ ಮೇಲೆ ಆಲದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವುದು. ಮೊದಲ ಗುಂಡು ನಮ್ಮ ಮನೆಯದು. ಒಂದು ಕಾಲದಲ್ಲಿ ಎರಡನೆಯವರಿಗೆ ಕಾಯೇ ಉಳಿಯುತ್ತಿರಲಿಲ್ಲವಂತೆ. ನಾನು ಬಂದ ಮೇಲೆ ನೋಡಿದ್ದು ಬರೀ ತಪ್ಪಿದ ಗುಂಡುಗಳೇ. ಕೋವಿಯ ಟ್ರಿಗರ್ ಬಿಗಿ ಎಂದು ಮಾವ ಹೇಳಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಜನ ನಗುತ್ತಿದ್ದರು. ಆ ವರ್ಷ ಹಬ್ಬ ಹತ್ತಿರವಾದಾಗ ಮಾವ ಊಟಕ್ಕೆ ಕೂತವರು ಇದ್ದಕ್ಕಿದ್ದಂತೆ, "ಈ ಸಲಾನೂ ತಪ್ಪಿದ್ರೆ ಅಬ್ಬ ಮುಗಿಸಿ ತಾಲ್ಲೂಕ್ ಕಚೇರಿಗೆ ಕೋವಿ ಒಪ್ಪಿಸ್ಬುಟ್ಟು ಬತ್ತೀನಿ" ಎಂದರು. ಅನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಮಾರನೆಯ ದಿನ ಮಾವ ಜಗಲಿಯಲ್ಲಿ ಖಾಲಿ ಕೋವಿ ಹಿಡಿದು ಗುರಿ ನೋಡುತ್ತಿದ್ದರು. ನಾನು ಅಕ್ಕಿ ಆರಿಸುತ್ತಾ ನೋಡಿದೆ. ನಳಿಗೆ ಅಲ್ಲಾಡದೆ ನಿಂತಿತ್ತು. ಟ್ರಿಗರ್ ಎಳೆಯುವಾಗ ಮಾತ್ರ ಮಾವನ ದವಡೆ ಬಿಗಿದು, ಭುಜ ಎದ್ದು, ನಳಿಗೆಯ ತುದಿ ಬಲಕ್ಕೆ ಜಗ್ಗಿತು. ನನಗೆ ತಡೆಯಲಾಗಲಿಲ್ಲ.

"ಮಾವಾ, ನಿಮ್ ಕಣ್ಣೂ ನೆಟ್ಟಗದೆ, ಕೈಯೂ ನೆಟ್ಟಗದೆ. ಆ ಟ್ರಿಗರ್ ಎಳ್ಯಕ್ಕೆ ಜೋಡೆತ್ತು ಬೇಕು. ನನ್ ಕೈಗೆ ಕೊಡಿ."

"ಕೋವಿಗೆ ಮೂಗ್ತಿ ಮಾಡ್ತೀಯೇನವ್ವಾ?" ಎಂದರು. ಆದರೂ ನಳಿಗೆಯೊಳಗೆ ಸಲಾಕೆ ಇಳಿಸಿ, ಖಾಲಿ ಇದೆಯೆಂದು ಇನ್ನೊಮ್ಮೆ ತೋರಿಸಿ, ಕೊಟ್ಟರು. ಊರಿನ ಕಮ್ಮಾರ ಆಗಲೇ ಒಳಗಿನ ಸ್ಪ್ರಿಂಗನ್ನು ತೇಯ್ದು ಸಡಿಲ ಮಾಡೋಣ ಎಂದಿದ್ದನಂತೆ. ಹಾಗೆ ಮಾಡಿದ್ದರೆ ಕೇಪಿಗೆ ಬೀಳುವ ಪೆಟ್ಟೂ ಸಡಿಲವಾಗಿ ಕೋವಿ ಮೂಕಾಗುತ್ತಿತ್ತು.

ಟ್ರಿಗರ್‌ನ ಮೇಲೆ ಕೋವಿಯ ಪಕ್ಕಕ್ಕಿದ್ದ ತಗಡು ಬಿಚ್ಚಿದರೆ ಒಳಗೆಲ್ಲ ಕೆಂಪು! ಮಾವನ ಅಪ್ಪನ ಕಾಲದಿಂದ ಪ್ರತಿ ಆಯುಧಪೂಜೆಗೂ ಹರಳೆಣ್ಣೆ ಸವರಿ, ಧಾರಾಳವಾಗಿ ಕುಂಕುಮ ಮೆತ್ತಿದ್ದು ಸಂದಿಯಿಂದ ಒಳಗಿಳಿದು ಅರಗಿನಂತೆ ಗಟ್ಟಿಯಾಗಿತ್ತು. ಭಕ್ತಿಯೇ ಕೋವಿಯ ಗಂಟಲು ಕಟ್ಟಿತ್ತು. ನಾನು ಸೀಮೆಎಣ್ಣೆಯ ಬಟ್ಟೆ ಹಿಡಿದದ್ದೇ ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಲೇ, ಪೂಜೆ ಕುಂಕುಮ ಒರಸ್ತಾರೇನೇ? ಅವರ ಕೋವಿ ಕಣೇ ಅದು! ನನ್ನ ಅಣೆ ಒರಸ್ದಂಗೆ ಅಲ್ವೇನೇ?"

ಸಿಟ್ಟಲ್ಲ, ಭಯ. ಗಂಡನ ಆಯುಷ್ಯದ ಭಯ. ನಾನೂ ಮುತ್ತೈದೆಯೇ, ನನಗೂ ಆ ಭಯ ತಪ್ಪಿದ್ದಲ್ಲ. ಆದರೆ ಕೋವಿ ಕಚೇರಿ ಸೇರಿದರೆ ಮಾವ ಮಂಕಾಗುವುದು ಅದಕ್ಕಿಂತ ಖಂಡಿತವಾಗಿ ಕಾಣುತ್ತಿತ್ತು. ಕುಂಕುಮವನ್ನೆಲ್ಲ ಬಾಳೆಲೆಯ ಮೇಲೆ ಕೆರೆದು ತೆಗೆದು ತುಳಸಿಕಟ್ಟೆಗೆ ಹಾಕಿದೆ. ಅತ್ತೆ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಸಾರಿಗೆ ಉಪ್ಪು ಸಾಕೋ ಬೇಕೋ ಎಂಬುದನ್ನೂ ಬೆಕ್ಕಿಗೆ ಹೇಳುವವರಂತೆ ಹೇಳುತ್ತಿದ್ದರು.

ಕೊಳೆ ಹೋದ ಮೇಲೆ ಕಂಡಿತು ಇನ್ನೊಂದು ರೋಗ. ಕೇಪಿಗೆ ಬಡಿಯುವ ಕುದುರೆಯ ಬುಡದಲ್ಲಿ ಒಂದು ಕಚ್ಚು. ಅದರಲ್ಲಿ ಕೂತು ಕುದುರೆಯನ್ನು ತಡೆದಿಡುವ ಉಕ್ಕಿನ ನಾಲಗೆ. ಟ್ರಿಗರ್ ಎಳೆದರೆ ನಾಲಗೆ ಕಚ್ಚಿನಿಂದ ಜಾರಬೇಕು. ಅದರ ಮೈ ತರಿತರಿಯಾಗಿ ತುಕ್ಕು ತಿಂದಿತ್ತು. ಅರ ಹಾಕಿ ಉಜ್ಜುವುದು ಸುಲಭ. ಆದರೆ ಕಚ್ಚು ಸವೆದರೆ ಯಾರೂ ಮುಟ್ಟದಿದ್ದರೂ ಕೋವಿ ಸಿಡಿದೀತು. "ಆಕಾರ ಮುಟ್ಟಬೇಡ, ಮೈ ಮಾತ್ರ ಮುಟ್ಟು" ಎಂದು ಅಪ್ಪ ಕಿವಿಯೋಲೆಗೆ ಒಪ್ಪ ಹಾಕುವಾಗ ಹೇಳಿದ್ದನ್ನೇ ಇದಕ್ಕೂ ಪಾಲಿಸಿದೆ. ಟ್ರಂಕಿನಿಂದ ಕಲ್ಲು ತೆಗೆದು, ಎಣ್ಣೆ ಹಚ್ಚಿ, ಮಧ್ಯಾಹ್ನಗಳೆಲ್ಲ ಒಪ್ಪ ಹಾಕಿದೆ. ಉಕ್ಕಿನಲ್ಲಿ ನನ್ನ ಮೂಗುತಿ ಕಾಣುವವರೆಗೆ ಬಿಡಲಿಲ್ಲ. ಮತ್ತೆ ಜೋಡಿಸಿ, ಕುದುರೆ ಎತ್ತಿ, ಹಿಡಿಯ ಬುಡವನ್ನು ಅಂಗೈಯಿಂದ ಗುದ್ದಿ ನೋಡಿದೆ. ನಾಲಗೆ ಜಾರಲಿಲ್ಲ. ಬೆರಳಿಟ್ಟು ಒತ್ತಿದಾಗ ಮಾತ್ರ ಒಡವೆಪೆಟ್ಟಿಗೆಯ ಚಿಲಕದ ಹಾಗೆ ಹಗುರಾಗಿ ಬಿಟ್ಟುಕೊಂಡಿತು.

ಆಯುಧಪೂಜೆಯ ದಿನ ಅತ್ತೆ ಕೋವಿಯ ಮರದ ಹಿಡಿಗೆ ಮಾತ್ರ ಬೊಟ್ಟಿಟ್ಟು, ದೇವರ ಮುಂದೆ ಕಣ್ಣುಮುಚ್ಚಿ ಕೂತುಬಿಟ್ಟರು. ಆಲದ ಮರದ ಹತ್ತಿರ ಬರಲೇ ಇಲ್ಲ. ಮಾವ ಕೋವಿ ಎತ್ತಿದರು. ಹಿಂದೆ ಯಾರೋ ನೆಲ ಡೊಂಕಿನ ಮಾತು ಶುರುಮಾಡಿದರು. ಅದು ಮುಗಿಯುವ ಮೊದಲೇ ಢಂ ಎಂದಿತು. ಕಾಯಿಯ ನೀರು ಕೆಳಗೆ ನಿಂತವರ ತಲೆಯ ಮೇಲೆಲ್ಲ ಸಿಡಿಯಿತು. ಮಾವ ಹಿಂತಿರುಗಿ, "ನೆಲ ಡೊಂಕಾಗೇ ಇತ್ತು ಕಣ್ರಲಾ! ನಮ್ ಸೊಸೆ ನೆಟ್ಟಗೆ ಮಾಡವ್ಳೆ" ಎಂದು ಕೂಗಿದರು. ಹೊಗೆಯೊಳಗೆ ನಿಂತು ನಾನು ಅತ್ತುಬಿಟ್ಟೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಾವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೋವಿಯನ್ನು ಇಸಿದುಕೊಂಡು ನೇಗಿಲು, ಮಚ್ಚುಗಳ ನಡುವೆ ಅದರ ಜಾಗದಲ್ಲಿ ಮತ್ತೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ದಿನಗಳ ಮೇಲೆ ಬೆಕ್ಕಿಗಲ್ಲ, ನನಗೇ ಹೇಳಿದರು:

"ಎಲ್ಲೇ ನಿನ್ನ ಕಲ್ಲು? ಪೂಜೆಗೆ ಇಡ್ದೆ ಟ್ರಂಕಲ್ಲಿ ಮಡೀಕಂಡಿದ್ದೀಯಲ್ಲ, ಬುದ್ಧಿ ಬ್ಯಾಡ್ವಾ? ತಗಂಬಾ."

ತಂದುಕೊಟ್ಟೆ. ಅದನ್ನು ಕೋವಿಯ ಪಕ್ಕದಲ್ಲೇ ಇಟ್ಟು, ಕೋವಿಗಿಂತ ದೊಡ್ಡ ಬೊಟ್ಟು ಇಟ್ಟರು.