ಗೇಟು ಬಿದ್ದ ಹದಿನೈದು ನಿಮಿಷ

ಕಾಕಾನ ಬಲಗೈ ಹೆಬ್ಬೆರಳ ತುದಿ ಕಲ್ಲಿನಷ್ಟು ಗಟ್ಟಿ. ಗಾಡಿ ಎಣಿಸುವ ಕೈಯಂತ್ರದ ಗುಂಡಿ ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾಗಿತ್ತು. ಊಟಕ್ಕೆ ಕೂತಾಗಲೂ ಆ ಬೆರಳು ತಟ್ಟೆಯ ಅಂಚನ್ನು ಒತ್ತುತ್ತಲೇ ಇರುತ್ತಿತ್ತು.

ನಾಗಪುರದಲ್ಲಿ ರಸ್ತೆ ಸರ್ವೆ ಕೆಲಸಕ್ಕೆ ಸೇರಿದಾಗ ಅವರೇ ನನ್ನ ಸೂಪರ್‌ವೈಸರ್. ವಿಜಾಪುರದ ಕಡೆಯವರು. ನಾನು ಕನ್ನಡದವಳೆಂದು ತಿಳಿದದ್ದೇ, "ಸರ್ ಗಿರ್ ಬ್ಯಾಡವಾ, ಕಾಕಾ ಅನ್ನು" ಎಂದರು. ಕೆಲಸದಲ್ಲಿ ಮಾತ್ರ ಮಹಾ ಜಿಗುಟು. ಲಾರಿ, ಬಸ್ಸು, ಸೈಕಲ್ಲು, ಕೈಗಾಡಿ, ಒಂದೊಂದಕ್ಕೂ ಹಾಳೆಯಲ್ಲಿ ಬೇರೆ ಮನೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರೆಯಬೇಕು. "ನೋಡಿದ್ದಷ್ಟ ಬರಿ. ನೋಡಲಿಲ್ಲಂದ್ರ ಖಾಲಿ ಬಿಡು." ದಿನಕ್ಕೆ ಹತ್ತು ಸಲ ಇದೇ ಪಾಠ.

ಕಳಮನಾದ ರೈಲ್ವೆ ಗೇಟಿನ ರಸ್ತೆಯಲ್ಲಿ ಎಣಿಕೆ ನಡೆದಿತ್ತು. ಅಲ್ಲಿ ಮೇಲ್ಸೇತುವೆ ಬೇಕೋ ಬೇಡವೋ ಎಂಬುದು ನಮ್ಮ ಅಂಕಿಗಳ ಮೇಲೆ ನಿಂತಿತ್ತು. ಹಾಳಾದ ಬಿಸಿಲು! ತಾಳಲಾರದೆ ಚಹಾದಂಗಡಿಯ ನೆರಳಿಗೆ ಹೋಗಿ ಕೂತೆ. ವಾಪಸು ಬಂದು, ಹಿಂದಿನ ಅಂಕಿಗಳನ್ನೇ ಒಂಚೂರು ಹೆಚ್ಚುಕಡಿಮೆ ಮಾಡಿ ಖಾಲಿ ಮನೆಗಳನ್ನು ತುಂಬಿದೆ. ಎಂಥ ಜಾಣೆ ನಾನು!

ಮರುದಿನ ಆಫೀಸಿನಲ್ಲಿ ಹಾಳೆ ನೋಡುತ್ತಿದ್ದ ಕಾಕಾ ಕರೆದರು. "ಈ ಹದಿನೈದು ನಿಮಿಷ ಪೂರಾ ಗೇಟ್ ಬಿದ್ದಿತ್ತಂತ ಗೇಟಿನವನ ಪುಸ್ತಕದಾಗ ಐತಿ. ನಿನ್ನ ಲಾರಿ ಹಾರಿ ಬಂದ್ವೇನವಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು ನನಗೆ.

"ಒಂದ ಸುಳ್ಳಾದ್ರ ಉಳಿದದ್ದು ಯಾರು ನಂಬ್ತಾರ?" ಎಂದವರೇ, ಆ ದಿನದ ಎಣಿಕೆ ಮತ್ತೆ ಆಗಬೇಕೆಂದು ಹೇಳಲು ನನ್ನನ್ನೂ ಕರೆದುಕೊಂಡು ಆಫೀಸಿನ ದೊಡ್ಡ ಸಾಹೇಬರ ಕೋಣೆಗೆ ಹೋದರು. ಯಾರು ಬರೆದದ್ದೆಂದು ಸಾಹೇಬರು ಗುಡುಗಿದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹೆಸರು ಹೊರಬಿದ್ದರೆ ಅವತ್ತೇ ಮನೆಗೆ.

"ಮೇರಿ ಗಲತಿ ಹೈ ಸಾಬ್." ತಪ್ಪು ತಮ್ಮದೇ, ತುಂಬಿದ್ದೂ ತಾವೇ ಎಂದು ಕಾಕಾ ಹಿಂದಿಯಲ್ಲಿ ಹೇಳಿಬಿಟ್ಟರು. ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ.

ರಸ್ತೆಯ ಕೆಲಸ ಅವರಿಂದ ಕಿತ್ತುಕೊಂಡು ಮೂಲೆಯ ಮೇಜಿಗೆ ಕೂರಿಸಿದರು. ನಿವೃತ್ತಿಯವರೆಗೂ ಅಲ್ಲೇ. ಮನೀಶ್ ನಗರದ ನಮ್ಮ ಮನೆಗೆ ಹಬ್ಬಕ್ಕೆಲ್ಲ ಬರುತ್ತಿದ್ದರು, ಹೋಳಿಗೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನಾಚಿಕೆಗೇಡಿ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಸ್ಮಶಾನದ ಘಾಟಿನಲ್ಲಿ ಸಾಹೇಬರು ನನ್ನ ಪಕ್ಕಕ್ಕೆ ಬಂದು, ಒಳ್ಳೆಯ ಮನುಷ್ಯ, ಆ ಒಂದು ಸುಳ್ಳು ಲೆಕ್ಕ ಬರೆಯದಿದ್ದರೆ ಚೆನ್ನಾಗಿತ್ತು ಎಂದರು.

"ಬರೆದವಳು ನಾನು ಸಾಹೇಬರೇ" ಎಂದೆ.

ಅಷ್ಟರಲ್ಲಿ ಕಾಕಾನ ಮಗ ಚಿತೆಗೆ ಬೆಂಕಿ ಇಟ್ಟಾಗಿತ್ತು.