ಮೂವತ್ತೊಂದನೆಯ ನಿಮಿಷ

ಎಡಗಡೆಯ ಪೆನಾಲ್ಟಿ ಗೆರೆ ಗುಲಾಬಿ ಬಣ್ಣದ್ದು. ಸುಣ್ಣದ ಪುಡಿ ಅರ್ಧದಲ್ಲೇ ಮುಗಿದುದರಿಂದ ಮೈದಾನದ ಕಾವಲುಗಾರ ಮನೆಯಿಂದ ರಂಗೋಲಿ ತಂದು ಉಳಿದದ್ದನ್ನು ಎಳೆದಿದ್ದ. ಗೋಲ್‌ಕೀಪರ್ ಆದ ನಾನು ಆ ಗೆರೆಯನ್ನೇ ನೋಡುತ್ತ ಅರ್ಧ ಗಂಟೆ ನಿಂತಿದ್ದೆ. ಎದುರಾಳಿಗಳು ಬಂದೇ ಇರಲಿಲ್ಲ.

ಅದು ಮುಂಬೈ ಹತ್ತಿರದ ಕಲ್ಯಾಣದಲ್ಲಿ ಒಂದು ಭಾನುವಾರ, ಕಾಲೇಜು ಹುಡುಗಿಯರ ಫುಟ್‌ಬಾಲ್ ಲೀಗಿನಲ್ಲಿ ನಮ್ಮ ಕೊನೆಯ ಪಂದ್ಯ. ನಮ್ಮದು ಡೊಂಬಿವಲಿಯ ಕಾಲೇಜು. ಆ ವರ್ಷ ಆರು ಪಂದ್ಯ ಆಡಿ ಆರನ್ನೂ ಸೋತಿದ್ದೆವು. ಕ್ಯಾಪ್ಟನ್ ಕೂಡ ನಾನೇ. ಆಟ ನೋಡಿ ಆರಿಸಿದ್ದಲ್ಲ, ಐಡಿ ಕಾರ್ಡನ್ನು ಮರೆಯದೆ ತರುವವಳು ನಾನೊಬ್ಬಳೇ ಆಗಿದ್ದೆ. ಕ್ರೀಡಾ ವಿಭಾಗದ ಮೇಡಂ ಮೊದಲೇ ಹೇಳಿಬಿಟ್ಟಿದ್ದರು: ಒಂದು ಗೆಲುವಾದರೂ ಬೇಕು, ಇಲ್ಲದಿದ್ದರೆ ಮುಂದಿನ ವರ್ಷ ತಂಡ ಇರುವುದಿಲ್ಲ, ನಮ್ಮ ಮೈದಾನದ ಸಮಯ ಗರ್ಬಾ ನೃತ್ಯದ ತಾಲೀಮಿಗೆ ಹೋಗುತ್ತದೆ. ಗರ್ಬಾದವರು ಕಪ್ ಗೆದ್ದು ತರುತ್ತಾರೆ ಎಂದೂ ಸೇರಿಸಿದ್ದರು.

ಬರಬೇಕಾದವರು ನೆರೂಳದ ಕಾಲೇಜಿನವರು. ಹಿಂದಿನ ವರ್ಷ ಅವರು ನಮಗೆ ಒಂಬತ್ತು ಗೋಲು ಹೊಡೆದಿದ್ದರು. ಅದನ್ನು ಹೇಗೋ ಸಹಿಸಬಹುದಿತ್ತು. ಆದರೆ ಪ್ರತಿ ಗೋಲಿನ ನಂತರವೂ ಅವರ ಕ್ಯಾಪ್ಟನ್ ಬಂದು ನನ್ನ ತಲೆ ಸವರಿ, "ಪಾಪ, ಸ್ವಲ್ಪ ನೀರು ಕುಡಿ" ಎಂದಿದ್ದಳು. ಅವಳದೂ ನಮ್ಮ ಹಾಗೆ ಉಡುಪಿ ಕಡೆಯ ಹೋಟೆಲಿನವರ ಮನೆ. ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ತಿಳಿಯಲಿ ಎಂದು ಅಷ್ಟನ್ನೂ ಕನ್ನಡದಲ್ಲೇ ಹೇಳಿದ್ದಳು. ಅವರಲ್ಲಿ ಯಾರೋ ಅದರ ರೀಲ್ ಮಾಡಿ ಹಾಕಿದರು. ನಮ್ಮ ಮಾವನ ಹೋಟೆಲಿನಲ್ಲಿ ದೋಸೆ ಹುಯ್ಯುವವರು ಕೂಡ ಅದನ್ನು ನೋಡಿ, "ಮಂಡೆ ಬೆಚ್ಚ ಮಾಡಬೇಡಿ" ಎಂದು ನನಗೆ ಸಮಾಧಾನ ಹೇಳಿದ್ದರು.

ಭಾನುವಾರ ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುತ್ತದೆ ಎಂದು ಇಲ್ಲಿಯ ಬೆಕ್ಕುಗಳಿಗೂ ಗೊತ್ತು. ನೆರೂಳದ ಕೋಚ್ ಸರ್‌ಗೆ ಮಾತ್ರ ನೆನಪಾಗಿರಲಿಲ್ಲ. ತಂಡ ಐರೋಲಿಯಲ್ಲಿ ಇಳಿದು ರಿಕ್ಷಾ ಹುಡುಕುತ್ತಿದೆ ಎಂದು ರೆಫರಿಗೆ ಫೋನ್ ಬಂತು. ನಿಯಮದ ಪ್ರಕಾರ ಮೂವತ್ತು ನಿಮಿಷ ಕಾಯಬೇಕು. ಅದಾದ ಮೇಲೆ ಹಾಜರಿರುವ ತಂಡದ ಕ್ಯಾಪ್ಟನ್ ವಾಕ್‌ಓವರ್ ಹಾಳೆಗೆ ಸಹಿ ಹಾಕಿದರೆ ಗೆಲುವು ಅವರದು. ಮೂವತ್ತೊಂದನೆಯ ನಿಮಿಷಕ್ಕೆ ರೆಫರಿ ಆ ಹಾಳೆಯನ್ನು ನನ್ನ ಮುಂದೆ ಹಿಡಿದರು.

ನಮ್ಮವರು ಆಗಲೇ ಬೂಟು ಬಿಚ್ಚತೊಡಗಿದ್ದರು. ನಮ್ಮ ಡಿಫೆಂಡರ್ ಉಲ್ಹಾಸನಗರದ ಬಟ್ಟೆ ಅಂಗಡಿಯವರ ಮಗಳು, ವ್ಯವಹಾರ ಬಲ್ಲವಳು. "ಗೆಲುವಿನ ಮೇಲೆ ಅದು ಹೇಗೆ ಬಂತು ಅಂತ ಬರೆದಿರಲ್ಲ, ಯಾರ್. ಹಾಕು ಸಹಿ" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು, "ಕಾಯುತ್ತೇವೆ" ಎಂದೆ. ರೆಫರಿ ಕನ್ನಡಕದ ಮೇಲಿಂದ ನೋಡಿ ಎಚ್ಚರಿಸಿದರು: ತಡವಾಗಿ ಶುರುವಾದ ಪಂದ್ಯ, ಸೋತವರು ಆಮೇಲೆ ತಕರಾರು ಬರೆದುಕೊಟ್ಟರೆ ಫಲಿತಾಂಶವೇ ರದ್ದಾಗುತ್ತದೆ. ನಾನು ಗೋಣು ಹಾಕಿದೆ. ಇದನ್ನು ಆಮೇಲೆ ಹಲವರು ಕ್ರೀಡಾ ಮನೋಭಾವ ಎಂದು ಕರೆದರು. ನಾನು ತಿದ್ದಲು ಹೋಗಲಿಲ್ಲ. ನಿಜವೇನೆಂದರೆ, ತಂಡ ಉಳಿಯುವುದು ಒಂದು ಕಡೆ, ನೆರೂಳದ ಆ ಕ್ಯಾಪ್ಟನ್ ನನ್ನ ಕಣ್ಣೆದುರೇ ಸೋಲುವುದು ಇನ್ನೊಂದು ಕಡೆ ಇತ್ತು, ನಾನು ಎರಡನೆಯದನ್ನು ಆರಿಸಿಕೊಂಡಿದ್ದೆ.

ಕಾಲು ಗಂಟೆಯ ನಂತರ ಮೂರು ರಿಕ್ಷಾಗಳಿಂದ ಎಂಟು ಜನ ಇಳಿದರು. ಉಳಿದ ಮೂವರು ಇನ್ನೂ ಥಾಣೆಯಲ್ಲಿದ್ದರಂತೆ. ಎಂಟು ಜನರ ಎದುರು ನಾವು ಹನ್ನೊಂದು ಜನ. ಆದರೂ ಮೊದಲ ಹತ್ತು ನಿಮಿಷ ನಮ್ಮಲ್ಲೇ ಜನ ಕಡಿಮೆ ಇದ್ದಂತೆ ಕಾಣುತ್ತಿತ್ತು. ಮಧ್ಯಂತರದ ಹೊತ್ತಿಗೆ ಆ ಮೂವರೂ ಬಂದು ಸೇರಿಕೊಂಡರು. ಆಮೇಲಿನದು ಆಟಕ್ಕಿಂತ ಸಂಜೆ ಆರರ ಕಲ್ಯಾಣ ಲೋಕಲ್ ಹತ್ತಿದ ಹಾಗಿತ್ತು. ಮೊಣಕೈ, ಭುಜ, ಜುಟ್ಟು, ಎರಡು ಹಳದಿ ಕಾರ್ಡು. ಒಂದು ಕಾರ್ನರ್‌ಗೆ ಕಾಯುವಾಗ ಅವರ ಕ್ಯಾಪ್ಟನ್ ನನ್ನ ಪಕ್ಕ ಬಂದು ನಿಂತಳು.

"ತಲೆ ಸವರಿದ್ದಕ್ಕೆ ಇಷ್ಟು ಸಿಟ್ಟಾ?"

"ಒಂಬತ್ತು ಸಲ" ಎಂದೆ.

ನಮ್ಮ ಗೋಲು ಬಂದದ್ದು ಹೀಗೆ: ಉಲ್ಹಾಸನಗರದವಳು ಚೆಂಡನ್ನು ಗೆರೆಯಾಚೆ ಅಟ್ಟಲೆಂದು ಕಣ್ಣುಮುಚ್ಚಿ ಒದ್ದಳು, ಅದು ಅವರದೇ ಹುಡುಗಿಯ ಬೆನ್ನಿಗೆ ಬಡಿದು ಅವರ ಗೋಲಿನೊಳಗೆ ಉರುಳಿತು. ನಾವು ಸಂಭ್ರಮಿಸುವುದನ್ನೇ ಮರೆತೆವು, ಅಭ್ಯಾಸವಿರಲಿಲ್ಲ. ಕೊನೆಯ ನಿಮಿಷದಲ್ಲಿ ಅವರ ಕ್ಯಾಪ್ಟನ್ ಹತ್ತು ಹೆಜ್ಜೆ ದೂರದಿಂದ ಹೊಡೆದ ಚೆಂಡು ನೇರವಾಗಿ ನನ್ನ ಮೂಗಿಗೆ ಬಂತು. ಎಷ್ಟು ಒಳ್ಳೆಯ ಸೇವ್ ಎಂದರು. ಮೂಗನ್ನು ಪಕ್ಕಕ್ಕೆ ಸರಿಸಲು ಸಮಯ ಸಿಕ್ಕಿರಲಿಲ್ಲ, ಅಷ್ಟೇ.

ಒಂದು-ಸೊನ್ನೆಯಿಂದ ನಾವು ಗೆದ್ದು ಸೀಟಿ ಊದಿದ ಮೇಲೆ ಅವರ ಕೋಚ್ ಸರ್ ಒಂದು ಬಿಳಿ ಹಾಳೆ ಹಿಡಿದು ಬಂದರು. ಪಂದ್ಯ ತಡವಾಗಿ ಶುರುವಾಯಿತು, ಫಲಿತಾಂಶ ಒಪ್ಪುವುದಿಲ್ಲ ಎಂದು ಬರೆ ಎಂದು ತಮ್ಮ ಕ್ಯಾಪ್ಟನ್‌ಗೆ ಹೇಳಿದರು. ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎರಡು ಮಾರು ದೂರದಲ್ಲಿ ನಿಂತಿದ್ದೆ. ವಾಕ್‌ಓವರ್ ಹಾಳೆಗೆ ಸಹಿ ಹಾಕಿದ್ದರೆ ತಂಡ ಎರಡು ಗಂಟೆ ಮೊದಲೇ ಉಳಿದಿರುತ್ತಿತ್ತು.

ಅವಳು ಹಾಳೆ ತೆಗೆದುಕೊಳ್ಳಲಿಲ್ಲ. "ತಡವಾಗಿ ಬಂದವರು ನಾವು. ಸೋತವರೂ ನಾವೇ. ಇದರಲ್ಲಿ ಬರೆಯೋದೇನಿದೆ, ಸರ್?" ಎಂದು ಹಿಂದಿಯಲ್ಲಿ ಕೇಳಿ, ರೆಫರಿಯ ಫಲಿತಾಂಶದ ಪಟ್ಟಿಗೆ ಸಹಿ ಹಾಕಿದಳು. ಸರ್ ರಿಕ್ಷಾದವನ ಮೇಲೆ ರೇಗಲು ಹೋದರು.

ಆಮೇಲೆ ಅವಳು ನನ್ನ ಹತ್ತಿರ ಬಂದಳು. "ಸಹಿ ಮಾಡಿ ಮನೆಗೆ ಹೋಗಬಹುದಿತ್ತಲ್ಲ, ಮಾರಾಯ್ತಿ. ಯಾಕೆ ಕಾದದ್ದು?"

"ನೀನು ಸೋಲುವುದನ್ನು ನೋಡಬೇಕಿತ್ತು."

"ನಾನಾದರೆ ಹೋಗಿಬಿಡುತ್ತಿದ್ದೆ" ಎಂದು ಕೈ ಮುಂದೆ ಚಾಚಿದಳು. ನನ್ನ ಕೈಯಲ್ಲಿ ರಕ್ತವಿತ್ತು. ಹಾಗೇ ಕುಲುಕಿದಳು.

ಮರುದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ನಾನು ಕ್ರೀಡಾ ವಿಭಾಗದ ಬಾಗಿಲಲ್ಲಿದ್ದೆ. ಮೇಡಂ ಫಲಿತಾಂಶದ ಪಟ್ಟಿಯನ್ನು ಎರಡು ಸಲ ಓದಿದರು, ಆಮೇಲೆ ನನ್ನ ಊದಿದ ಮೂಗನ್ನು ನೋಡಿ ನಂಬಿದರು. ಅವರು ಮೊಹರು ಒತ್ತಿ ಮಸಿಯ ಡಬ್ಬಿ ಮುಚ್ಚುವ ಮೊದಲೇ ಮುಂದಿನ ವರ್ಷದ ಮೈದಾನದ ಅರ್ಜಿಯನ್ನೂ ಮುಂದಿಟ್ಟೆ. ಅದಕ್ಕೂ ಒತ್ತಿದರು. ಕೆಳಗಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಒಂದು ಪ್ರತಿಯನ್ನು ನೋಟಿಸ್ ಬೋರ್ಡಿನಲ್ಲಿ ಗರ್ಬಾದವರ ಚೀಟಿಯ ಮೇಲೆ ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ ಹಚ್ಚಿದೆ.