ಕಲ್ಲುಕುಳಿಯ ಸೊಪ್ಪು, ನನ್ನ ನಶ್ಯದ ಡಬ್ಬಿ

ಮೊನ್ನೆ ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಪಕ್ಕದ ಯಜಮಾನರು ಸೊಂಟದಿಂದ ಪುಟ್ಟ ಡಬ್ಬಿ ತೆಗೆದು ಮುಚ್ಚಳ ತಟ್ಟಿದರು. ಆಹಾ, ನಶ್ಯದ ಘಾಟು! "ತಕಳಿ ಸಾ" ಎಂದು ಅವರು ಚಾಚಿದ್ದೇ ತಡ, ಹತ್ತು ವರ್ಷದಿಂದ ನಶ್ಯ ಬಿಟ್ಟ ಮಹಾನುಭಾವನೆಂದು ಮನೆಯಲ್ಲಿ ಮೆರೆಯುವ ನನ್ನ ಎರಡು ಬೆರಳು ನನ್ನನ್ನು ಕೇಳದೆ ಡಬ್ಬಿಗೆ ಇಳಿದುಬಿಟ್ಟವು. ಚಿಟಿಕೆ ಮೂಗಿನ ಹತ್ತಿರ ಬರುವಷ್ಟರಲ್ಲಿ ಅಗರದ ಬಯಲು ಕಂಡಿತು. ಜೊತೆಗೆ ಚಿಕ್ಕತಾಯಮ್ಮನ ಮುಖವೂ ಕಣ್ಣ ಮುಂದೆ ಬಂತು. ಚಿಟಿಕೆಯನ್ನು ಕಿಟಕಿಯಾಚೆ ತೂರಿದೆ. ಹಿಂದಿನ ಸೀಟಿನಲ್ಲಿ ಯಾರೋ ನಾಲ್ಕು ಸಲ ಸೀನಿದರು. ನಾನು ತಿರುಗಿ ನೋಡಲಿಲ್ಲ.

ಆಗ ನಾನು ಅಗರದಾಚೆಯ ಒಂದು ಸಣ್ಣ ಊರಿಗೆ ಗ್ರಾಮಸೇವಕ. ಖಾಕಿ ಅಂಗಿ, ಸೈಕಲ್ಲು, ಜೇಬಿನಲ್ಲಿ ನಶ್ಯದ ಡಬ್ಬಿ, ಬಾಯಲ್ಲಿ ತರಬೇತಿಯಲ್ಲಿ ಕಲಿತ ಭಾಷಣ. ಇಷ್ಟೇ ನನ್ನ ಆಸ್ತಿ. ಊರ ಪಕ್ಕದಲ್ಲಿ ಕರಿಕಲ್ಲು ತೆಗೆದು ಬಿಟ್ಟುಹೋದ ಗಣಿಯ ಕುಳಿಯೊಂದಿತ್ತು. ಕಂಟ್ರಾಕ್ಟರು ಒಳ್ಳೆಯ ಕಲ್ಲನ್ನು ಲಾರಿಯಲ್ಲಿ ಸಾಗಿಸಿ, ಕಲ್ಲುಚೂರಿನ ಗುಡ್ಡೆಯನ್ನೂ ಸಿಡಿಮದ್ದಿನ ಬೂದಿಯನ್ನೂ ಮೆಷಿನ್ನಿನ ಸುಟ್ಟ ಎಣ್ಣೆ ಕುಡಿದ ಮಣ್ಣನ್ನೂ ಊರಿಗೆ ದಾನ ಮಾಡಿ ಹೋಗಿದ್ದ. ಅಲ್ಲಿ ನಿಂತ ನೀರು ಕುಡಿದು ಒಂದು ಹಸು ಸತ್ತ ಮೇಲೆ ಜನ ಆ ಕಡೆ ಸುಳಿಯುವುದನ್ನೇ ಬಿಟ್ಟಿದ್ದರು.

ಆ ನೆಲದ ಮೇಲೆ ಕಣ್ಣಿಟ್ಟವಳು ಚಿಕ್ಕತಾಯಮ್ಮ. ಅವಳಿಗೆ ಅಂಗೈಯಗಲ ಜಮೀನಿಲ್ಲ. ನಡುಮನೆಯಲ್ಲಿ ಮೂರು ತಟ್ಟೆ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುವಿನ ಮೇವಾದ ಹಿಪ್ಪುನೇರಳೆ ಸೊಪ್ಪಿಗೆ ಬೇರೆಯವರ ತೋಟದ ಬೇಲಿ ಮುಂದೆ ನಿಂತು ಹಲ್ಲು ಗಿಂಜಬೇಕು. ಅವಳ ಬೀದಿಯ ಹೆಂಗಸರ ಪಾಡೆಲ್ಲ ಅದೇ. ಕುಳಿ ಹಸನು ಮಾಡಿ ಸೊಪ್ಪು ಬೆಳೆಯುತ್ತೇವೆಂದು ಅವಳು ಪಂಚಾಯ್ತಿಯಲ್ಲಿ ಕೇಳಿದಾಗ ಚೇರ್ಮನ್ನರು ನಕ್ಕರು.

"ಎಣ್ಣೆ ಕುಡ್ದ ನೆಲ ಕಣಮ್ಮಿ ಅದು. ಅದ್ರ ಸೊಪ್ಪು ತಿಂದು ಉಳ ಬದುಕುದ್ರೆ ನೆಲ ನಿಮ್ದೇ. ಸತ್ರೆ ಊರ ಕಸನೆಲ್ಲಾ ಅಲ್ಲಿಗೇ ಸುರೀತೀವಿ."

ಈ ಪರೀಕ್ಷೆ ನಮ್ಮ ಇಲಾಖೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ರೇಷ್ಮೆ ಹುಳುವಿನಷ್ಟು ಸೂಕ್ಷ್ಮ ಜೀವ ಇನ್ನೊಂದಿಲ್ಲ. ಸೊಪ್ಪಿನಲ್ಲಿ ಕಿಂಚಿತ್ತು ವಿಷವಿದ್ದರೂ ಕತ್ತೆತ್ತಿ ಕಕ್ಕಿಬಿಡುತ್ತದೆ.

ಕೆಲಸ ನಡೆದದ್ದು ಮುಯ್ಯಾಳಿನಲ್ಲಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದು ಮುಯ್ಯಾಳು. ಆದರೆ ಇದು ಯಾರ ಹೊಲವೂ ಅಲ್ಲವಲ್ಲ, ಮುಯ್ಯಿ ತೀರಿಸುವವರು ಯಾರು? ನಾನು ಬುದ್ಧಿವಂತನಂತೆ ಕೇಳಿದೆ. "ಕುಳಿಗೇ ಮುಯ್ಯಿ ಓಯ್ತೀವಿ ಕಣ್ ಸಾ. ಅದು ಸೊಪ್ಪಲ್ಲಿ ತೀರುಸ್ತದೆ" ಎಂದಳು ಚಿಕ್ಕತಾಯಮ್ಮ.

ಹೋದರು ನೋಡಿ! ಕೊಳೆತ ನೀರು ಹೊರಕ್ಕೆ ಚೆಲ್ಲಿದರು. ಎಣ್ಣೆ ಮಣ್ಣನ್ನು ಮೊಳದಾಳ ಕೆತ್ತಿ, ದೂರದ ಬಂಡೆ ಸಂದಿಯಲ್ಲಿ ಗುಂಡಿ ತೆಗೆದು ಹೂತರು. ಕಲ್ಲುಚೂರು ಗಾಡಿದಾರಿಗೆ ಹೋಯಿತು. ಬೇಸಗೆಯಲ್ಲಿ ಒಣಗಿದ ಕೆರೆಯಿಂದ ಗೋಡುಮಣ್ಣು ಹೊತ್ತು ತಂದು ಹಾಸಿದರು. ನಾನು ಗುದ್ದಲಿ ಹಿಡಿದದ್ದು ಒಂದೇ ದಿನ, ಅದೂ ಪೇಪರಿನವರು ಫೋಟೋ ತೆಗೆಯಲು ಬರುತ್ತಾರೆಂದು. ಅವರು ಬರಲಿಲ್ಲ, ನನ್ನ ಸೊಂಟ ಮಾತ್ರ ವಾರ ನೋಯಿತು.

ನೆಟ್ಟ ಕಡ್ಡಿ ಚಿಗುರಿ ಸೊಪ್ಪಾಯಿತು. ಆದರೆ ಮೊದಲು ತಮ್ಮ ಹುಳುವಿಗೆ ಅದನ್ನು ಹಾಕಿ ನೋಡಲು ಯಾರೂ ಮುಂದೆ ಬರಲಿಲ್ಲ. ಚಿಕ್ಕತಾಯಮ್ಮ ತನ್ನ ಮೂರೂ ತಟ್ಟೆಗೆ ಅದೇ ಸೊಪ್ಪು ಹಾಕಿದಳು. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳೆದು ಗಬಗಬ ಮೇಯತೊಡಗಿದಾಗ ನಾನು ನೋಡಲು ಹೋದೆ. ಬಾಗಿಲಲ್ಲೇ ತಡೆದಳು.

"ಬೀಡಿ ಗೀಡಿ ಸೇದ್ತೀರಾ ಸಾ?"

"ಛೆ ಛೆ, ಇಲ್ಲಮ್ಮ."

ಸುಳ್ಳಲ್ಲ. ಸೇದುತ್ತಿರಲಿಲ್ಲ, ಮೂಗಿಗೆ ಏರಿಸುತ್ತಿದ್ದೆ. ಒಳಗೆ ಹೋಗಿ, ಉತ್ಸಾಹ ತಡೆಯದೆ, ಬಾಗಿಲ ಹತ್ತಿರದ ತಟ್ಟೆಗೆ ನನ್ನ ಕೈಯಾರೆ ಸೊಪ್ಪು ಹರಡಿ ಬಂದೆ.

ಮರುದಿನ ಬೆಳಿಗ್ಗೆ ಆ ತಟ್ಟೆಯ ಹುಳುಗಳೆಲ್ಲ ಕತ್ತೆತ್ತಿ ಹಸಿರು ಕಕ್ಕುತ್ತ ಸಾಯುತ್ತಿದ್ದವು. ಚೇರ್ಮನ್ನರು ಬಂದು ನೋಡಿ, "ನಾನೇಳ್ನಿಲ್ವಾ?" ಎಂದರು. ಹೆಂಗಸರು ಸೆರಗು ಬಾಯಿಗಿಟ್ಟು ಹಿಂದೆ ಸರಿದರು. ಚಿಕ್ಕತಾಯಮ್ಮ ಮಾತ್ರ, "ಅದೇ ಸೊಪ್ಪ ಮಿಕ್ಕ ಎಲ್ಡು ತಟ್ಟೆಗೂ ಆಕಿವ್ನಿ ಸಾಮಿ, ಅವು ಮೇಯ್ತಾ ಅವಲ್ಲಾ!" ಎಂದು ಗೋಗರೆದಳು.

ನನಗೆ ಸಂಕಟವಾದರೆ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಆಗಲೂ ಹೋಯಿತು. ಡಬ್ಬಿ ತೆರೆದೆ, ಚಿಟಿಕೆ ಹಿಡಿದೆ, ಕಂದು ಹತ್ತಿದ ಬೆರಳನ್ನೇ ನೋಡುತ್ತ ನಿಂತೆ. ನಶ್ಯವೆಂದರೆ ಹುಳುವಿಗೆ ವಿಷವಾದ ಹೊಗೆಸೊಪ್ಪೇ ಅಲ್ಲವೇ? ಒಂದು ಗಳಿಗೆ ಸುಮ್ಮನಿರೋಣ ಅನ್ನಿಸಿತು, ನಿಮ್ಮಾಣೆ. ಸುಮ್ಮನಿದ್ದರೆ ತಪ್ಪು ನೆಲದ ತಲೆಗೆ ಹೋಗುತ್ತಿತ್ತು. ನೆಲಕ್ಕೆ ಬಾಯಿಯೂ ಇಲ್ಲ.

"ತಪ್ಪು ಸೊಪ್ಪಿನದಲ್ಲ, ನನ್ನ ಕೈಯದು" ಎಂದೆ.

"ಅಯ್ಯೋ ನಿಮ್ ಮೂಗಿಗೆ ಬೆಂಕಿ ಆಕ!" ಚಿಕ್ಕತಾಯಮ್ಮ ಡಬ್ಬಿ ಕಿತ್ತುಕೊಂಡಳು. ಬೈಯುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ನಡೆದಳು. ಎಲ್ಲರೂ ಹಿಂದೆಯೇ ಹೋದೆವು. ಎಣ್ಣೆ ಮಣ್ಣು ಹೂತ ಗುಂಡಿಯಲ್ಲೇ ಡಬ್ಬಿಯನ್ನೂ ಹೂತು ಕಾಲಲ್ಲಿ ತುಳಿದು, "ಈಗ ಆಯ್ತು ನೋಡಿ, ಕಿಲೀನು" ಎಂದಳು. ಚೇರ್ಮನ್ನರಿಗೂ ನಗು ತಡೆಯಲಾಗಲಿಲ್ಲ. ಉಳಿದೆರಡು ತಟ್ಟೆಯ ಹುಳು ಹಣ್ಣಾಗಿ ಹೊಂಬಣ್ಣದ ಗೂಡು ಕಟ್ಟಿದ ದಿನ ನೆಲ ಹೆಂಗಸರದಾಯಿತು. ಸತ್ತ ತಟ್ಟೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನನಗೆ ಮಾತ್ರ ಆ ನಾಚಿಕೆ ಹೋಗಲಿಲ್ಲ. ವರ್ಗವಾದ ಮೇಲೆ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದರೂ ಅಲ್ಲಿ ಇಳಿದವನಲ್ಲ.

ಮೊನ್ನೆ ಇಳಿದೆ. ಚಿಕ್ಕತಾಯಮ್ಮ ತೀರಿಕೊಂಡು ಎರಡು ವರ್ಷವಾಯಿತೆಂದು ಟೀ ಅಂಗಡಿಯವನು ಹೇಳಿದ. ಟೀ ಅರ್ಧಕ್ಕೇ ಇಟ್ಟು ಊರಾಚೆಗೆ ನಡೆದೆ. ಕುಳಿ ಇದ್ದ ಕಡೆ ಎದೆಯೆತ್ತರ ಹಸಿರು. ಬೇಲಿ ಬಾಗಿಲಲ್ಲಿ ಒಂದು ನೀರಿನ ಮಡಕೆ, ಸೊಪ್ಪು ಬಿಡಿಸುತ್ತಿದ್ದ ಗುರುತಿಲ್ಲದ ಹುಡುಗಿ.

"ನಿಂತ್ಕಳಿ ಸಾ. ಬೀಡಿ, ಒಗೆಸೊಪ್ಪು, ನಶ್ಯ, ಏನಾರ ಮುಟ್ಟಿದ್ದೀರಾ?"

"ನಶ್ಯವನ್ನೂ ಕೇಳುತ್ತೀಯಲ್ಲಮ್ಮ?"

"ನಮ್ ಚಿಕ್ಕತಾಯವ್ವ ಮಾಡಿದ್ ಕಾನೂನು. ಮುಂಚೆ ಯಾರೋ ಒಬ್ರು ಸಾಯೇಬ್ರು ಇದ್ರಂತೆ, ನಶ್ಯದೋರು. ತಪ್ಪು ನಂದೇ ಅಂತ ಎಲ್ರ ಮುಂದೆ ಒಪ್ಕಂಡ್ರಂತೆ. ಅದ್ಕೇ ಈ ತೋಟ ಉಳೀತು ಅಂತ ಅವ್ವ ಯಾವಾಗ್ಲೂ ಏಳೋರು."

ನಾನು ಬಲಗೈಯ ಎರಡು ಬೆರಳು ಮುಂದೆ ಚಾಚಿದೆ.

"ಮುಟ್ಟಿದ್ದೀನಿ ಕಣವ್ವ, ಈಗಷ್ಟೇ ಬಸ್ಸಿನಲ್ಲಿ. ನೀರು ಹಾಕು."